ಡಾಕ್ಟರ್ ಮುಂದೆ ಮಾತ್ರ ಆರಾಮ

ಆವತ್ತು ಡಾಕ್ಟರ್ ಎರಡೂವರೆ ಗಂಟೆ ಲೇಟಾಗಿ ಬಂದರು. ಅವರ ಹೊಟ್ಟೆ ತಣ್ಣಗಿರಲಿ!

ವ್ಯಂಗ್ಯ ಅಂದುಕೊಳ್ಳಬೇಡಿ. ದೇವರಾಣೆ, ಮನಸಾರೆ ಹೇಳುತ್ತಿದ್ದೇನೆ. ಬಸ್ಸು ಹತ್ತು ನಿಮಿಷ ತಡವಾದರೆ ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುವ ಪೈಕಿ ನಾನು. (ಅನುಮಾನ ಇದ್ದವರು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಬಹುದು.) ಅಂಥವಳು ಲೇಟಾಗಿ ಬಂದವರಿಗೆ ಕೈ ಮುಗಿಯುತ್ತಿದ್ದೇನೆ ಅಂದರೆ ಏನೋ ಕಾರಣ ಇರಬೇಕಲ್ಲ? ಇದೆ. ಆವತ್ತು ಅವರು ಟೈಮಿಗೆ ಸರಿಯಾಗಿ ಬಂದಿದ್ದರೆ, ನನ್ನ ಗಂಡನ ಬೆನ್ನು ಈಗಲೂ ಗಂಟು ಬೀಳುತ್ತಲೇ ಇರುತ್ತಿತ್ತು. ನಾವು 'ಎಲ್ಲ ಆರಾಮ' ಅಂದುಕೊಂಡೇ ಇರುತ್ತಿದ್ದೆವು.

ನನ್ನ ಗಂಡ ತಿಪ್ಪೇಸ್ವಾಮಿ ತಾಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸೀಟಿ, ತಲೆಯಲ್ಲಿ ಖೋ-ಖೋ. ಇಡೀ ಊರೇ ಮೇಷ್ಟ್ರು ಅನ್ನುವುದರಿಂದ ನಾನೂ ಹಾಗೇ ಅನ್ನುತ್ತೇನೆ. ಕೋಪ ಬಂದಾಗ ಏನನ್ನುತ್ತೇನೆ ಅನ್ನುವುದು ಪತ್ರಿಕೆಯಲ್ಲಿ ಬರೆಯುವ ವಿಷಯವಲ್ಲ.

ನಮ್ಮ ಮೇಷ್ಟ್ರ ನಿಲುವನ್ನು ಹೊಗಳದವರೇ ಇಲ್ಲ. "ನಿಮ್ಮ ಯಜಮಾನ್ರು ನಲವತ್ತು ದಾಟಿದ್ರೂ ಹೆಂಗವ್ರೆ ನೋಡ್ರಿ, ಮಿಲಿಟ್ರಿಯೋರಂಗೆ" ಅಂತ ಮದುವೆ ಮನೆಗಳಲ್ಲಿ ಹೆಂಗಸರು ನನ್ನ ಕಿವಿಯಲ್ಲಿ ಹೇಳುವುದುಂಟು. ಹಿಂದಿನಿಂದ ಯಾರಾದರೂ ಕರೆದರೆ ಮೇಷ್ಟ್ರು ಬರೀ ಕತ್ತು ತಿರುಗಿಸುವುದಿಲ್ಲ. ಕಾಲು ಸಮೇತ ಇಡೀ ಆಳೇ ತಿರುಗುತ್ತದೆ, ಪೆರೇಡಿನಲ್ಲಿ ಅಬೌಟ್ ಟರ್ನ್ ಹೊಡೆದ ಹಾಗೆ. ಸ್ಕೂಲಿನ ಹುಡುಗರು ಅದನ್ನು ಸ್ಟೈಲ್ ಅಂದುಕೊಂಡು ಕಾಪಿ ಹೊಡೆಯುತ್ತಿದ್ದರು. ನಾನೂ ಮದುವೆಯ ಹೊಸದರಲ್ಲಿ 'ಅಬ್ಬಬ್ಬಾ, ಎಂಥ ಗತ್ತು' ಅಂದುಕೊಂಡಿದ್ದೆ.

ಗತ್ತಲ್ಲ. ರೋಗ.

ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. (ತೊದಲದೆ ಹೇಳುವುದನ್ನು ಕಲಿಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು.) ನಮ್ಮ ಮಾತಿನಲ್ಲಿ ಬೆನ್ನುಮೂಳೆಯ ಉರಿಯೂತದ ವಾತ ಅನ್ನಿ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಲೆಕೆಟ್ಟು ನಮ್ಮ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಸುಮ್ಮನೆ ಬಿಟ್ಟರೆ ಒಳಗೊಳಗೇ ವರ್ಷಗಟ್ಟಲೆ ಉರಿದು, ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು.

ಇದರ ಕಿತಾಪತಿ ಏನು ಗೊತ್ತೇ? ಮಾಮೂಲಿ ಬೆನ್ನುನೋವು ದುಡಿದರೆ ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ. ಇದು ಉಲ್ಟಾ. ಮಲಗಿದರೆ ಹಿಡಿಯುತ್ತದೆ, ಓಡಾಡಿದರೆ ಬಿಡುತ್ತದೆ. ಬೆಳಗಿನ ಜಾವ ನೋವೇ ಎಬ್ಬಿಸಿ ಕೂರಿಸುತ್ತದೆ. ಮೇಷ್ಟ್ರು ಮೊದಲು ಮಗ್ಗುಲಿಗೆ ಹೊರಳಿ, ಮಂಚದ ಅಂಚು ಹಿಡಿದು, ಹಲ್ಲು ಕಚ್ಚಿ, ಇಷ್ಟಿಷ್ಟೇ ಏಳಬೇಕು. ಸಾಕ್ಸ್ ಹಾಕುವುದು ನಾನು. ಆದರೆ ಸ್ಕೂಲಿನ ಪ್ರಾರ್ಥನೆಯ ಹೊತ್ತಿಗೆ ಅದೇ ಆಸಾಮಿ ಮೈದಾನದಲ್ಲಿ ನಿಂತು "ಸಾವ್‌ಧಾನ್!" ಅಂತ ಗುಡುಗುತ್ತಾರೆ. ಬೆಳಿಗ್ಗೆ ಆರಕ್ಕೆ ಎಂಬತ್ತರ ಮುದುಕ, ಹತ್ತಕ್ಕೆ ಇಪ್ಪತ್ತರ ಹುಡುಗ. ಯಾರು ನಂಬುತ್ತಾರೆ, ಹೇಳಿ?

ಚಿತ್ರದುರ್ಗಕ್ಕೆ ತಿಂಗಳಿಗೊಮ್ಮೆ ಹೊರಗಿನಿಂದ ಬಂದು ನೋಡುವ ಒಬ್ಬ ಕೀಲುವಾತದ ಡಾಕ್ಟರ್ ಇದ್ದಾರೆ. ರೋಗ ಪತ್ತೆ ಮಾಡಿದವರು ಅವರೇ. ಆಗಲೇ ನೇರವಾಗಿ ಹೇಳಿದ್ದರಂತೆ, "ನೋವು, ಊತದ ಮಾತ್ರೆ ಕೊಡ್ತೀನಿ. ಒಂದು ಆಗದಿದ್ರೆ ಇನ್ನೊಂದು ನೋಡೋಣ. ವ್ಯಾಯಾಮ ಬಿಡಬೇಡಿ. ಇಷ್ಟಾದ್ರೂ ಹಿಡಿತಕ್ಕೆ ಬರಲಿಲ್ಲ ಅಂದ್ರೆ ಬಯಾಲಜಿಕ್ ಅಂತ ಇಂಜೆಕ್ಷನ್ ಇದೆ, ಅದನ್ನ ಶುರು ಮಾಡೋಣ."

ಸರಿ ತಾನೇ? ಇಡೀ ನಿರ್ಧಾರ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ. ರೋಗ ಹಿಡಿತಕ್ಕೆ ಬಂತಾ, ಇಲ್ಲವಾ? ಅದನ್ನು ಡಾಕ್ಟರಿಗೆ ಹೇಳಬೇಕಾದವರು ಯಾರು? ನಮ್ಮ ಮೇಷ್ಟ್ರು!

ಅವರು ಡಾಕ್ಟರ್ ಹತ್ತಿರ ಹೋಗುವ ವೈಭವ ನೀವು ನೋಡಬೇಕಿತ್ತು. ಬೆಳಿಗ್ಗೆ ಬೇಗ ಹಂಡೆ ತುಂಬ ನೀರು ಕಾಯಬೇಕು. ಬೆನ್ನಿಗೆ ಸುರಿದುಕೊಂಡು ಸುರಿದುಕೊಂಡು ಮೈ ಕೆಂಪಾಗಬೇಕು. ಆಮೇಲೆ ತಿಂಡಿ, ನೋವಿನ ಗುಳಿಗೆ, ಇಸ್ತ್ರಿ ಮಾಡಿದ ಬಿಳಿ ಶರ್ಟು. ಚಿತ್ರದುರ್ಗದಲ್ಲಿ ಬಸ್ ಇಳಿದ ಮೇಲೆ ಆಟೋ ಬೇಡ, "ನಡಕೊಂಡೇ ಹೋಗಾಣ, ಬೆನ್ನು ಬಿಸಿ ಆಗ್ಲಿ." ಹೀಗೆ ಕಾಯಿಸಿ, ಕುದಿಸಿ, ಹದ ಮಾಡಿದ ಬೆನ್ನನ್ನು ಮಧ್ಯಾಹ್ನ ಡಾಕ್ಟರ್ ಮುಂದೆ ಇಡುತ್ತಿದ್ದರು.

"ಹೇಗಿದ್ದೀರಿ ಮೇಷ್ಟ್ರೇ?"

"ಫಸ್ಟ್ ಕ್ಲಾಸ್ ಸರ್!"

ಮನೆಗೆ ಬಂದು ನನ್ನ ಹತ್ತಿರ, "ಡಾಕ್ಟ್ರು ಪರವಾಗಿಲ್ಲ ಅಂದ್ರು ಕಣೇ" ಅನ್ನುತ್ತಿದ್ದರು. ಇವರು ಪರವಾಗಿಲ್ಲ ಅಂದಿದ್ದಕ್ಕೆ ಅವರು ಪರವಾಗಿಲ್ಲ ಅಂದದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ನನಗೆ ಕಾಲೇಜಿನಲ್ಲಿ ಪಾಠ. ನಾನು ಜೊತೆಗೆ ಹೋಗುತ್ತಲೇ ಇರಲಿಲ್ಲ.

ಈ ಸಲ ಹೋದೆ. ಗಂಡನ ಮೇಲಿನ ಪ್ರೀತಿಯಿಂದ ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ, ದುರ್ಗದ ಪೇಟೆಯಲ್ಲಿ ಬ್ಲೌಸ್ ಲೈನಿಂಗ್ ತಗೊಳ್ಳುವುದಿತ್ತು.

ಹೋಗಿ ಕುಳಿತೆವು. ಡಾಕ್ಟರ್ ಕಾರು ದಾರಿಯಲ್ಲಿ ಕೆಟ್ಟಿದೆ ಅಂತ ಸುದ್ದಿ. ಪ್ಲಾಸ್ಟಿಕ್ ಕುರ್ಚಿ, ಮೇಲೆ ಕಿರುಗುಡುವ ಫ್ಯಾನು. ಮೊದಲ ಅರ್ಧ ಗಂಟೆ ಮೇಷ್ಟ್ರು ಪಕ್ಕದವರಿಗೆ ಕೂರುವ ಭಂಗಿಯ ಬಗ್ಗೆ ಭಾಷಣ ಮಾಡಿದರು. ಆಮೇಲೆ ಮಾತು ಕಡಿಮೆಯಾಯಿತು. ಎದ್ದು ಓಡಾಡೋಣ ಅಂದರೆ ಕಾಲಿಡಲು ಜಾಗವಿಲ್ಲ, ಎದ್ದರೆ ಕುರ್ಚಿಯೂ ಹೋಗುತ್ತದೆ. ಇನ್ನೊಂದು ಗಂಟೆ ಕಳೆಯುವಷ್ಟರಲ್ಲಿ ಹಣೆಯ ಮೇಲೆ ಬೆವರು.

"ನೋವಾ?" ಅಂದೆ.

"ಏನಿಲ್ಲ ಸುಮ್ಕಿರು."

ಹಂಡೆ ನೀರಿನ ಬಿಸಿ ಇಳಿದಿತ್ತು. ಗುಳಿಗೆಯ ಜೋರೂ ಇಳಿದಿತ್ತು. ಕೊನೆಗೂ ಡಾಕ್ಟರ್ ಬಂದರು. ನರ್ಸಮ್ಮ "ತಿಪ್ಪೇಸ್ವಾಮಿ" ಅಂತ ಕರೆದರು. ಮೇಷ್ಟ್ರು ಕುರ್ಚಿಯ ಕೈ ಹಿಡಿದು ಎದ್ದರು, ಅರ್ಧಕ್ಕೇ ನಿಂತರು, ಮತ್ತೆ ಕೂತರು. "ತಿಪ್ಪೇಸ್ವಾಮಿ ಯಾರ್ರೀ?" ಇನ್ನೊಂದು ಸಲ ಪ್ರಯತ್ನ. ಆಗಲಿಲ್ಲ. ನಾನು ಕಂಕುಳಿಗೆ ಕೈ ಕೊಟ್ಟೆ. ಕೈ ಕೊಡವಿದರು. ಇಡೀ ಶಾಲೆಯನ್ನು ಒಂದೇ ಸೀಟಿಗೆ ಎಬ್ಬಿಸಿ ನಿಲ್ಲಿಸುವ ಮನುಷ್ಯ, ಅಷ್ಟು ಜನರ ಮಧ್ಯೆ ಒಂದು ಕುರ್ಚಿಯಿಂದ ಏಳಲಾರದೆ ಒದ್ದಾಡುತ್ತಿದ್ದರು.

ಯಾಕೆ ಯಾರೂ ಒಳಗೆ ಬರುತ್ತಿಲ್ಲ ಅಂತ ಡಾಕ್ಟರೇ ಬಾಗಿಲಿಗೆ ಬಂದು ಇಣುಕಿದರು. ಬಾಗಿಲಿಗೆ ಒರಗಿ, ನಮ್ಮ ಮೇಷ್ಟ್ರು ಕುರ್ಚಿಯಿಂದ ಎದ್ದು ಅಲ್ಲಿಯವರೆಗೆ ನಡೆದು ಬರುವುದನ್ನು ಪೂರ್ತಿ ನೋಡಿದರು.

"ಇಷ್ಟು ದಿನ ನನ್ನ ಹತ್ರ ಬರ್ತಿದ್ದವರು ಬೇರೆ ಯಾರೋ ಇರಬೇಕು ಮೇಷ್ಟ್ರೇ" ಅಂದರು. "ಬನ್ನಿ, ಕೂತ್ಕೊಳ್ಳಿ. ಬೇಡ, ನಿಂತೇ ಇರಿ."

ಒಳಗೆ ಹೋದ ಮೇಲೆ ಡಾಕ್ಟರ್ ಹಳೆಯ ವಿವರ ಓದಿದರು. "ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದ್ದೆ. ಎರಡು ಅಂದಿದ್ರಿ. ಅದರ ಹಿಂದಿನ ಸಲಾನೂ ಎರಡೇ."

"ಎರಡಾ!?" ಅಂದೆ. ನನ್ನ ದನಿ ಸ್ವಲ್ಪ ದೊಡ್ಡದು. ಹೊರಗಿದ್ದ ನರ್ಸಮ್ಮ ಗಾಬರಿಯಾಗಿ ಬಗ್ಗಿ ನೋಡಿದರು.

"ಏ, ಸುಮ್ಕಿರೇ ಒಂದ್ ನಿಮಿಷ" ಅಂದರು ಮೇಷ್ಟ್ರು.

"ಇಲ್ಲ, ನೀವು ಹೇಳಿ ಮೇಡಂ" ಅಂದರು ಡಾಕ್ಟರ್.

"ಬೆಳಿಗ್ಗೆ ಆರು ಗಂಟೇದು ಹೇಳ್ಲಾ ಸರ್, ಮಧ್ಯಾಹ್ನದ್ದು ಹೇಳ್ಲಾ?"

"ಆರು ಗಂಟೇದು."

"ಎಂಟು. ಚಳಿಗಾಲದಾಗಾದ್ರೆ ಒಂಬತ್ತು. ಹತ್ತು ಅಂತ ಅವರು ಸತ್ತರೂ ಅನ್ನಲ್ಲ, ಅದಕ್ಕೆ ನಾನೂ ಅನ್ನಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಯಾಕೆ ಮೇಷ್ಟ್ರೇ, ಎರಡು ಅಂತ ಯಾಕೆ ಹೇಳಿದ್ರಿ?"

ನಮ್ಮ ಮೇಷ್ಟ್ರು ಕೊಟ್ಟ ಉತ್ತರ ಕೇಳಿ. "ಅಲ್ಲ ಸರ್, ನೀವು ಅಷ್ಟು ದೂರದಿಂದ ಬಂದು ನೋಡ್ತೀರಿ. ನೀವು ಕೊಟ್ಟ ಗುಳಿಗೆ ಕೆಲಸ ಮಾಡಿಲ್ಲ ಅಂತ ನಿಮ್ಮ ಮುಖದ ಮುಂದೆ ಹೆಂಗ್ ಹೇಳದು? ಮನಸ್ಸಿಗೆ ಬೇಜಾರಾಗಲ್ವಾ ನಿಮಗೆ?"

ನಗಬೇಕೋ ಅಳಬೇಕೋ? ಡಾಕ್ಟರಿಗೆ ಬೇಜಾರಾಗಬಾರದು ಅಂತ ಬೆನ್ನು ಒತ್ತೆ ಇಟ್ಟ ಪುಣ್ಯಾತ್ಮ!

ಆದರೆ ಇವರೊಬ್ಬರನ್ನೇ ಬೈದು ಏನು ಪ್ರಯೋಜನ? ನಾವೆಲ್ಲ ಅದೇ ಜಾತಿಯವರು. ನೆಂಟರು ಬರುತ್ತಾರೆ ಅಂದರೆ ಮನೆಯ ಕಸವನ್ನೆಲ್ಲ ಮಂಚದ ಕೆಳಗೆ ತಳ್ಳುವ ಹಾಗೆ, ಡಾಕ್ಟರ್ ಹತ್ತಿರ ಹೋಗುವಾಗ ಕಾಯಿಲೆಯನ್ನೂ ತಳ್ಳಿ ಹೋಗುತ್ತೇವೆ. ನಮ್ಮ ಬೀದಿಯಲ್ಲಿ ಒಬ್ಬರು ಶುಗರ್ ಟೆಸ್ಟಿಗೆ ಮೂರು ದಿನ ಮುಂಚೆ ಅನ್ನ, ಸಿಹಿ ಎಲ್ಲ ಬಿಡುತ್ತಾರೆ. ರಿಪೋರ್ಟ್ ಚೆನ್ನಾಗಿ ಬಂದ ದಿನ ಮೈಸೂರು ಪಾಕ್ ಹಂಚುತ್ತಾರೆ. (ತಮಾಷೆಯಲ್ಲ. ನಾನೂ ತಿಂದಿದ್ದೇನೆ, ರುಚಿಯಾಗಿತ್ತು.) ಇನ್ನು ನಮ್ಮ ಕಡೆ 'ಹೆಂಗಿದೀರಿ' ಅಂದರೆ 'ಆರಾಮ್ ಇದೀವ್ರಿ' ಅನ್ನುವುದು ಮರ್ಯಾದೆ. ಯಾರು ಕೇಳಿದರು ಅನ್ನುವುದನ್ನಾದರೂ ನೋಡಬೇಡವೇ? ಬಸ್ಸಿನಲ್ಲಿ ಸಿಕ್ಕವರು ಕೇಳುವುದೂ, ಔಷಧ ಬರೆಯಲು ಕೂತವರು ಕೇಳುವುದೂ ಒಂದೇ ಏನು?

ಡಾಕ್ಟರ್ ಮೇಷ್ಟ್ರನ್ನು ಗೋಡೆಗೆ ನಿಲ್ಲಿಸಿದರು. ಹಿಮ್ಮಡಿ ಗೋಡೆಗೆ, ಬೆನ್ನು ಗೋಡೆಗೆ. "ಈಗ ತಲೆ ಗೋಡೆಗೆ ಮುಟ್ಟಿಸಿ." ಮಕ್ಕಳ ಎತ್ತರ ಅಳೆಯಲು ಮೇಷ್ಟ್ರು ಜೂನ್ ತಿಂಗಳಲ್ಲಿ ಇಡೀ ಶಾಲೆಯನ್ನು ಹೀಗೇ ನಿಲ್ಲಿಸುತ್ತಾರೆ. ಈಗ ತಾವೇ ನಿಂತರು. ಗದ್ದ ಎತ್ತಿದರು, ಉಸಿರು ಹಿಡಿದರು, ಕತ್ತಿನ ನರ ಉಬ್ಬಿತು. ತಲೆ ಗೋಡೆಗೆ ಮುಟ್ಟಲಿಲ್ಲ. ಎರಡು ಬೆರಳು ತೂರುವಷ್ಟು ಸಂದು ಉಳಿಯಿತು.

ಮಿಲಿಟ್ರಿಯವರ ಹಾಗೆ ನೆಟ್ಟಗಿದ್ದಾರೆ ಅಂತ ಊರೆಲ್ಲ ಹೊಗಳಿದ ಬೆನ್ನು! ಆ ಸಂದು ನೋಡಿ ನನಗೆ ಭಯವಾಯಿತು. ನಿಜವಾದ ಭಯ. ಈ ಮನುಷ್ಯ ಇನ್ನು ಕೆಲವು ವರ್ಷಕ್ಕೆ ಹೇಗೆ ಆಗಬಹುದು ಅನ್ನುವುದು ಮೊದಲ ಸಲ ನನ್ನ ಕಣ್ಣ ಮುಂದೆ ಬಂತು.

ರಕ್ತ ಪರೀಕ್ಷೆ, ಹೊಸ ಎಂ.ಆರ್.ಐ. ಎಲ್ಲ ಆಯಿತು. ಮುಂದಿನ ತಿಂಗಳು ರಿಪೋರ್ಟ್ ಹಿಡಿದು ಇಬ್ಬರೂ ಮತ್ತೆ ಹೋದೆವು. ಒಳಗೆ ಉರಿ ಇನ್ನೂ ಜೋರಾಗಿತ್ತು. ಮಾತ್ರೆ ಎರಡು ಬಗೆಯವೂ ಆಗಿದ್ದವು (ಮೊದಲಿನದು ಹೊಟ್ಟೆಗೆ ಒಗ್ಗದೆ ಬದಲಾಗಿತ್ತು), ವ್ಯಾಯಾಮವಂತೂ ಇವರ ಹೊಟ್ಟೆಪಾಡು. "ನನ್ನ ಲೆಕ್ಕದಲ್ಲಿ ಇಂಜೆಕ್ಷನ್ನಿಗೆ ಇದೇ ಟೈಮು" ಅಂದರು ಡಾಕ್ಟರ್.

ಮೇಷ್ಟ್ರು ಒಪ್ಪಿದರೇ? ಒಪ್ಪಿದರೆ ನಮ್ಮ ಮೇಷ್ಟ್ರು ಹೇಗಾದಾರು!

"ಸರ್, ಅದು ಕೊನೇ ಅಸ್ತ್ರ ಅಲ್ವಾ? ಈಗ್ಲೇ ಬಿಟ್ಟುಬಿಟ್ರೆ ಮುಂದೆ ಇನ್ನೂ ಕಷ್ಟ ಬಂದಾಗ ಏನ್ ಮಾಡದು? ಈಗ ಹೆಂಗೋ ತಡಕಂತೀನಿ. ಪೂರ್ತಿ ಬಗ್ಗಿ ಹೋದಾಗ ನೋಡಾಣ."

"ಪೂರ್ತಿ ಬಗ್ಗಿ ಹೋದ ಮೇಲೆ ನೋಡೋಕೆ ಏನೂ ಇರಲ್ಲ ಮೇಷ್ಟ್ರೇ" ಅಂದರು ಡಾಕ್ಟರ್. "ಉರಿ ಇರೋವಾಗ ಮೂಳೆ ಔಷಧದ ಮಾತು ಕೇಳುತ್ತೆ. ಬೆಸೆದುಕೊಂಡ ಮೇಲೆ ಯಾವ ಔಷಧದ ಮಾತೂ ಕೇಳಲ್ಲ. ಇದೊಂದೇ ಇಂಜೆಕ್ಷನ್ ಅಲ್ಲ, ಇದು ಆಗದಿದ್ರೆ ಬೇರೆ ಥರದ್ದೂ ಇವೆ. ಹಾಗಂತ ಇದು ಗ್ಲೂಕೋಸ್ ನೀರೂ ಅಲ್ಲ. ರೋಗನಿರೋಧಕ ಶಕ್ತಿಯನ್ನ ಸ್ವಲ್ಪ ತಗ್ಗಿಸುತ್ತೆ. ಸೋಂಕು ತಗಲಬಹುದು, ಹುಷಾರಾಗಿರಬೇಕು. ನಿರ್ಧಾರ ನಿಮ್ಮದು. ಮನೆಗೆ ಹೋಗಿ ಯೋಚನೆ ಮಾಡಿ. ಆದ್ರೆ ಆ ಎರಡು ಅನ್ನೋ ಲೆಕ್ಕ ಇಟ್ಕೊಂಡು ಯೋಚನೆ ಮಾಡಬೇಡಿ."

ವಾಪಸ್ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಸಿಟ್ಟು ಮತ್ತು ಅಳು ಎರಡೂ ಒಟ್ಟಿಗೆ ಬಂದಾಗ ನಾನು ಮಾತಾಡುವುದಿಲ್ಲ. (ಅಪರೂಪಕ್ಕೆ ಸಂಭವಿಸುತ್ತದೆ.) ಮೇಷ್ಟ್ರು ಕಿಟಕಿಯ ಕಡೆ ಮೈ ತಿರುಗಿಸಿ ಕೂತಿದ್ದರು. ದಾರಿ ಅರ್ಧ ಸವೆದ ಮೇಲೆ, ನನ್ನ ಕಡೆ ನೋಡದೆ ಅಂದರು, "ರೂಪನ್ನ ಕೊನೇ ಬ್ಯಾಚಿಗೆ ಇಟ್ಟಿದ್ದೆ ಕಣೇ."

ರೂಪ ಇವರ ಖೋ-ಖೋ ತಂಡದ ಹುಡುಗಿ. ಮೀನು ಇದ್ದ ಹಾಗೆ, ಕೈಗೆ ಸಿಕ್ಕುವುದಿಲ್ಲ. ಖೋ-ಖೋ ಗೊತ್ತಿಲ್ಲದವರಿಗೆ ಎರಡು ಮಾತು: ಒಂದು ತಂಡ ಅಟ್ಟಿಸುತ್ತದೆ, ಇನ್ನೊಂದು ತಂಡದವರು ಮೂರು ಮೂರು ಜನರ ಬ್ಯಾಚಿನಲ್ಲಿ ಒಳಗಿಳಿದು ತಪ್ಪಿಸಿಕೊಳ್ಳುತ್ತಾರೆ. ಒಬ್ಬರು ಔಟಾದರೆ ಎದುರಾಳಿಗೆ ಪಾಯಿಂಟು. ಟೈಮ್ ಮುಗಿಯುವವರೆಗೆ ಔಟಾಗದೆ ಉಳಿಯುವುದೇ ಜಾಣತನ. ಇಷ್ಟು ಗೊತ್ತಿದ್ದರೆ ಸಾಕು.

"ಹಿರಿಯೂರ್ ಮ್ಯಾಚ್‌ನಾಗೆ" ಅಂದರು ಮೇಷ್ಟ್ರು, "ಒಳ್ಳೇ ಆಟಗಾರ್ತಿ, ಕಷ್ಟಕ್ಕೆ ಇರ್ಲಿ ಅಂತ ಕೊನೇಗೆ ಇಟ್ಕಂಡಿದ್ದೆ. ಮೊದಲ್ನೇ ಬ್ಯಾಚು ಬೇಗ ಹೋತು. ಎರಡ್ನೇದು ಇನ್ನೂ ಬೇಗ ಹೋತು. ರೂಪ ಇಳಿಯೋ ಹೊತ್ತಿಗೆ ಅವ್ರು ಪಾಯಿಂಟ್ ಎಲ್ಲ ಬಾಚ್ಕಂಡಿದ್ರು. ಆ ಹುಡುಗಿ ಕೊನೇವರ್ಗೂ ಔಟೇ ಆಗ್ಲಿಲ್ಲ. ಏನ್ ಓಡಿದ್ಲು ಅಂತೀಯ! ಆದ್ರೆ ಮ್ಯಾಚು ಆಗ್ಲೇ ಹೋಗಿತ್ತು."

ನಾನು ಹೇಳಬೇಕಾದ್ದನ್ನು ಅವರೇ ಹೇಳಿಕೊಂಡಿದ್ದರು. ಒಳ್ಳೆಯ ಆಟಗಾರ್ತಿಯನ್ನು ಬೆಂಚಿನ ಮೇಲೆ ಕೂರಿಸಿ ಕಾಪಾಡಿದರೆ ಉಳಿಯುವುದು ಆಟಗಾರ್ತಿ, ಆಟವಲ್ಲ. ರೇಷ್ಮೆ ಸೀರೆಯನ್ನು ಒಳ್ಳೆಯ ದಿನಕ್ಕೆ ಅಂತ ಮಡಿಸಿಟ್ಟು ಮಡಿಕೆಯಲ್ಲೇ ಸೀಳಿಸಿಕೊಂಡ ನನ್ನಂಥವಳಿಗೂ ಇದು ಅರ್ಥವಾಗುತ್ತದೆ.

ಆದರೂ ಅವರು ಪೂರ್ತಿ ಒಪ್ಪಿರಲಿಲ್ಲ. "ಅವ್ವನ್ನ ಒಂದ್ ಮಾತು ಕೇಳಾಣ" ಅಂದರು. ಮುಗೀತು, ಅಂದುಕೊಂಡೆ. ನಮ್ಮತ್ತೆ ಇರುವುದು ತುರುವನೂರಿನಲ್ಲಿ, ಮೈದುನನ ಮನೆಯಲ್ಲಿ. ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ಈಗಲೂ ಹಟ್ಟಿ ತುಂಬ ಕುರಿಗಳಿವೆ. ಅವರಿಗೆ ಸೂಜಿ ಅಂದರೆ ಆಗದು. ಕುರಿಗೆ ಹಾಕಿಸಿದರೆ ಸರಿ, ಮನುಷ್ಯರಿಗೆ ಬೇಡ.

ಭಾನುವಾರ ಹೋದೆವು. ಮೇಷ್ಟ್ರು ಎಲ್ಲ ವಿವರಿಸಿದರು. ಅತ್ತೆ ಕೇಳಿದ ಮೊದಲ ಪ್ರಶ್ನೆ ನಾನು ಊಹಿಸಿದ್ದೇ. "ಅಲ್ಲಲೇ ತಿಪ್ಪೇಶಿ, ಕುರಿಗೇ ವರ್ಷಕ್ಕೆ ಒಂದೋ ಎರಡೋ ಸೂಜಿ. ನಿನಗೇನ್ಲಾ ಹದಿನೈದ್ ದಿನಕ್ಕೊಂದು?"

ನಾನು ಬಾಯಿ ಹಾಕಿದೆ. "ಅತ್ತೆ, ಹಾಕಿಸದೆ ಬಿಟ್ರೆ ಬೆನ್ನು ಬಗ್ಗಿ ಹೋಗ್ತದಂತೆ. ಕತ್ತು ಎತ್ತಕ್ಕೆ ಆಗಲ್ಲಂತೆ."

ಅತ್ತೆ ಸೊಪ್ಪು ಸೋಸುತ್ತಿದ್ದರು. ಕೈ ನಿಂತಿತು.

"ನಮ್ಮಪ್ಪನಂಗಾ?" ಅಂದರು.

ಅತ್ತೆಯ ಅಪ್ಪ ಕುರಿ ಕಾಯುತ್ತಿದ್ದವರು. ನಾನು ನೋಡಿಲ್ಲ, ಮೇಷ್ಟ್ರಿಗೂ ನೆನಪು ಕಡಿಮೆ. ಕೊನೆಗಾಲಕ್ಕೆ ನೆಲ ನೋಡಿಕೊಂಡೇ ಓಡಾಡುತ್ತಿದ್ದರು ಅಂತಷ್ಟೇ ಕೇಳಿದ್ದೆವು. ಹೆಗಲ ಮೇಲೆ ಮರಿ ಹೊತ್ತು ಹೊತ್ತು ಹಾಗಾಯಿತು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು.

"ಬೆಳಿಗ್ಗೆ ಎದ್ದು ಹಟ್ಟಿ ಮುಂದೆ ನಿಂತ್ಕಂತಿದ್ದ" ಅಂದರು ಅತ್ತೆ. "ಮೋಡ ಆಗೈತಾ ಅಂತ ನೋಡಕ್ಕೆ. ಕತ್ತು ಮ್ಯಾಲಕ್ಕೆ ಬರ್ತಿರ್ಲಿಲ್ಲ. ನನ್ನ ಕರೀತಿದ್ದ. ಮೋಡ ಐತೇನವ್ವಾ, ಯಾವ ದಿಕ್ಕಿಗೈತೆ ಹೇಳವ್ವಾ ಅಂತ. ಕುರಿ ಕಾಯೋನು ಮೋಡಾನ ಮಗಳ ಹತ್ರ ಕೇಳ್ಬೇಕು. ಆಗ ನನಗೆ ನಗು ಬರ್ತಿತ್ತು, ಸಣ್ಣೋಳು ನೋಡು." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಹಾಕಿಸ್ಕಳಲೇ. ನಾಳೆನೇ ಹಾಕಿಸ್ಕ. ಹದಿನೈದ್ ದಿನಕ್ಕೊಂದಲ್ಲ, ದಿನಾ ಒಂದು ಹಾಕಿದ್ರೂ ಹಾಕಿಸ್ಕ."

ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ನಾನು ಎದ್ದು ಅಡುಗೆಮನೆಗೆ ಹೋದೆ, ನೀರು ಕುಡಿಯುವ ನೆಪದಲ್ಲಿ. ಅಳು ಬಂತು, ಅತ್ತುಬಿಟ್ಟೆ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಅಡ್ಡ ನಿಲ್ಲುತ್ತಾರೆ ಅಂತ ಯಾರಿಗೆ ಹೆದರಿ ಹೋಗಿದ್ದೆನೋ, ಅವರೇ ನನ್ನ ಗಂಡನನ್ನು ದಾಟಿಸಿಬಿಟ್ಟಿದ್ದರು.

ನಾಳೆಯೇ ಹಾಕಿಸಿಕೊಳ್ಳಲು ಬರುವುದಿಲ್ಲ. ಮೊದಲು ಟಿ.ಬಿ. ಪರೀಕ್ಷೆ, ಎದೆಯ ಎಕ್ಸ್‌ರೇ, ಕಾಮಾಲೆ ವೈರಸ್ಸಿನ ಪರೀಕ್ಷೆ. ಮೈಯಲ್ಲಿ ಟಿ.ಬಿ. ಸದ್ದಿಲ್ಲದೆ ಮಲಗಿದ್ದರೆ ಈ ಔಷಧ ಅದನ್ನು ಎಬ್ಬಿಸಬಹುದಂತೆ. ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಕುರಿ, ಮೇಕೆ ಇವೆಯೇ? ಹಸಿ ಹಾಲು ಕುಡಿಯುವ ಅಭ್ಯಾಸ ಇದೆಯೇ? ಕುರಿಯಿಂದ ಬರುವ ಒಂದು ಜ್ವರವೂ ಸೊಂಟದ ಕೀಲಿಗೆ ಕೂತು ಇದೇ ಥರ ಆಟ ಆಡಿಸುತ್ತದಂತೆ. ತುರುವನೂರಿಗೆ ಹೋದಾಗಲೆಲ್ಲ ಅತ್ತೆ ಮಗನಿಗೆ ನೊರೆ ಹಾಲು ಕೊಟ್ಟೇ ಕಳಿಸುತ್ತಿದ್ದರು. ಹಾಗಾಗಿ ಅದಕ್ಕೂ ರಕ್ತ ಕೊಟ್ಟಾಯಿತು.

ರಿಪೋರ್ಟ್ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಇಷ್ಟು ಕಷ್ಟಪಟ್ಟು ಒಪ್ಪಿಸಿದ ಮೇಲೆ ಎಲ್ಲಿ ಕೈ ತಪ್ಪುತ್ತದೋ ಅಂತ. ಎಲ್ಲ ಕ್ಲಿಯರ್ ಬಂತು. ಆದರೂ ಹಾಲು ಕಾಯಿಸಿಯೇ ಕುಡಿಯಬೇಕು ಅಂತ ಡಾಕ್ಟರ್ ಕಟ್ಟಪ್ಪಣೆ ಮಾಡಿದರು. ಆ ಸುದ್ದಿಯನ್ನು ಫೋನಿನಲ್ಲಿ ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು. "ನಮ್ಮ ಕುರಿಗೆ ಏನಾಗೈತಂತೆ ನಿಮ್ಮ ಡಾಕ್ಟ್ರಿಗೆ? ಬಂದು ನೋಡಕ್ಕೇಳು!" ಅಂತ ಒಂದು ವಾರ ಸಿಟ್ಟಾಗಿದ್ದರು. ಸೂಜಿಗೆ ಒಪ್ಪಿದರು, ಹಾಲು ಕಾಯಿಸಲು ಒಪ್ಪಲಿಲ್ಲ!

ಇಂಜೆಕ್ಷನ್ ಮನೆಗೆ ಬಂತು. ಫ್ರಿಜ್ಜಿನಲ್ಲೇ ಇಡಬೇಕು. ದೋಸೆ ಹಿಟ್ಟಿನ ಪಕ್ಕ ಜಾಗ ಮಾಡಿಕೊಟ್ಟೆ. ಅತ್ತೆ ತಾವೇ ಬಂದು ಡಬ್ಬಿಗೆ ಕುಂಕುಮ ಹಚ್ಚಿ, ಕೈ ಮುಗಿದು, ಫ್ರಿಜ್ಜಿನ ಬಾಗಿಲು ಹಾಕಿದರು. ಮೊದಲನೆಯದನ್ನು ಕ್ಲಿನಿಕ್ಕಿನಲ್ಲಿ ಹಾಕಿ ನರ್ಸಮ್ಮ ನನಗೂ ಕಲಿಸಿಕೊಟ್ಟರು. ಹೊಟ್ಟೆಯ ಚರ್ಮ ಹಿಡಿದು, ಚುಚ್ಚಿ, ಎಣಿಸಿ, ತೆಗೆಯುವುದು. ಅಷ್ಟೇ. ಸಾವಿರ ಮಕ್ಕಳನ್ನು ನಡುಗಿಸುವ ಮೇಷ್ಟ್ರು ಕಣ್ಣು ಮುಚ್ಚಿ "ಆತಾ? ಆತಾ?" ಅನ್ನುತ್ತಿದ್ದರು. ಈಗ ಹದಿನೈದು ದಿನಕ್ಕೊಮ್ಮೆ ಗಂಡನಿಗೆ ಚುಚ್ಚುವ ಅಧಿಕಾರ ನನ್ನದು. ಎಷ್ಟು ಜನ ಹೆಂಡತಿಯರಿಗೆ ಇಂಥ ಭಾಗ್ಯ ಉಂಟು?

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. "ನೋಡು, ನಾನ್ ಹೇಳಿರ್ಲಿಲ್ವಾ" ಅಂದರು ಮೇಷ್ಟ್ರು. ಅವರು ಹೇಳಿದ್ದೇನು ಅಂತ ನನಗಿನ್ನೂ ಅರ್ಥವಾಗಿಲ್ಲ. ಮಧ್ಯೆ ಒಮ್ಮೆ ಜ್ವರ ಬಂತು, ನಾನು ಹೌಹಾರಿ ಡಾಕ್ಟರಿಗೆ ಫೋನ್ ಮಾಡಿದೆ. ಬರೀ ನೆಗಡಿ. ಆಮೇಲೆ, ಯಾವ ದಿನ ಅಂತ ಹೇಳಲಾರೆ, ಒಂದು ಬೆಳಿಗ್ಗೆ ನಾನು ಸಾಕ್ಸ್ ತಗೊಂಡು ಹೋದರೆ ಮೇಷ್ಟ್ರು ಆಗಲೇ ಹಾಕಿಕೊಂಡು ಶೂ ಲೇಸು ಕಟ್ಟುತ್ತಿದ್ದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಲ್ಲಿ ಮಾತಾಡಿದರೆ ದೃಷ್ಟಿ ತಾಗುತ್ತದೋ ಅಂತ ಇಬ್ಬರೂ ಮಾತಾಡಲಿಲ್ಲ.

ಪವಾಡ ಅಂತ ಬರೆಯುವುದಿಲ್ಲ. ಗೋಡೆಗೂ ತಲೆಗೂ ನಡುವಿನ ಸಂದು ಹಾಗೇ ಇದೆ. ಹೋದದ್ದು ಹೋಯಿತು, ಅದು ವಾಪಸ್ ಬರುವುದಿಲ್ಲ ಅಂತ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೆ ಸಂದು ಬೆಳೆದಿಲ್ಲ. ಉರಿ ತಗ್ಗಿದೆ. ರಕ್ತದ ರಿಪೋರ್ಟಿನಲ್ಲೂ ತಗ್ಗಿದೆ, ಮೇಷ್ಟ್ರ ಮುಖದಲ್ಲೂ ತಗ್ಗಿದೆ. ಎಲ್ಲರಿಗೂ ಇದೇ ಔಷಧ ಬೇಕಾಗುವುದಿಲ್ಲ, ಎಲ್ಲರಿಗೂ ಹೀಗೇ ಒಗ್ಗುವುದೂ ಇಲ್ಲ. ಯಾರಿಗೆ, ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಅವರು ಹೇಳಬೇಕಾದರೆ ನಾವು ನಿಜ ಹೇಳಿರಬೇಕು. ನನ್ನ ಅನುಭವಕ್ಕೆ ಬಂದದ್ದು ಇಷ್ಟೇ.

ಮೊನ್ನೆ ಭಾನುವಾರ. ಗಂಟೆ ಎಂಟಾದರೂ ಮನೆಯಲ್ಲಿ ಮೇಷ್ಟ್ರ ಸದ್ದಿಲ್ಲ. ನೋವಿನ ದೆಸೆಯಿಂದ ಕೋಳಿಗಿಂತ ಮುಂಚೆ ಎದ್ದು ಹಜಾರದಲ್ಲಿ ಶತಪಥ ಹಾಕುತ್ತಿದ್ದ ಮನುಷ್ಯ! ಒಲೆ ಆರಿಸಿ ಓಡಿದೆ. ಬಾಗಿಲು ತಳ್ಳಿ ನೋಡಿದರೆ ಅಂಗಾತ ಮಲಗಿದ್ದಾರೆ, ಬಾಯಿ ತೆರೆದು, ಕೈಕಾಲು ಚೆಲ್ಲಿ. ಕಿಟಕಿಯ ಬಿಸಿಲು ನೇರ ಮುಖಕ್ಕೆ ಬಿದ್ದಿದ್ದರೂ ಎಚ್ಚರವಿಲ್ಲ. ಗೊರಕೆ ಹೊಡೆಯುತ್ತಿದ್ದರು.

ನಾನು ಬಾಗಿಲಲ್ಲೇ ನಿಂತು ಆ ಗೊರಕೆಯನ್ನು ಕಣ್ಣೀರು ಬರುವಷ್ಟು ಹೊತ್ತು ಕೇಳಿದೆ. ಹೊತ್ತು ನೆತ್ತಿಗೇರುವವರೆಗೆ ಬಿದ್ದುಕೊಂಡಿರುವ ಗಂಡನನ್ನು ಕಂಡು ದೇವರಿಗೆ ತುಪ್ಪದ ದೀಪ ಹಚ್ಚಿದ ಹೆಂಡತಿ ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ನನ್ನ ಬಿಟ್ಟು ಇನ್ಯಾರಾದರೂ ಇದ್ದೀರಾ?